ಓಬಳೇಶ ಮಾವನ ಮೆಟ್ಟಿಲು

ಹತ್ತು ಸೂಜಿಗಳಿಗೆ ದಾರ ಪೋಣಿಸಿ, ಒಂದು ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚಿಟ್ಟೆ. ಐದು ಬಿಳಿ, ಮೂರು ಕಪ್ಪು, ಒಂದು ಕೆಂಪು, ಒಂದು ಹಸಿರು. ಓಬಳೇಶ ಮಾವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೊಳ್ಳಿಯಿಂದ ಬೀಡಿ ಹಚ್ಚಿಕೊಳ್ಳುತ್ತಿದ್ದ. ಎರಡು ವರ್ಷದ ಹಿಂದಿನವರೆಗೆ ಅವನೇ ಪೋಣಿಸಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ದಾರದ ತುದಿಯನ್ನು ಎಂಜಲು ಮಾಡಿ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದು ಹಿಡಿದು, ಕೊನೆಗೆ ಎಲ್ಲವನ್ನೂ ನನ್ನ ಮಡಿಲಿಗೆ ಹಾಕಿ ಅಂಗಿ ತೊಟ್ಟುಕೊಂಡು ಹೊರಟುಬಿಟ್ಟ. ಆವತ್ತಿನಿಂದ ಅದು ನನ್ನ ಕೆಲಸ. ಯಾಕೆಂದು ನಾನು ಕೇಳಿಲ್ಲ, ಅವನು ಹೇಳಿಲ್ಲ.

ಅವನ ಹೊಲಿಗೆ ಅಂಗಡಿ ಕೆಳಗೆ ಪೇಟೆಯಲ್ಲಿ. ನಮ್ಮ ಮನೆ ಕಲ್ಲುಗುಡ್ಡದ ಮೇಲಿನ ಕೇರಿಯಲ್ಲಿ. ನಡುವೆ ಮೆಟ್ಟಿಲು, ಬೇರೆ ದಾರಿಯಿಲ್ಲ. ಇಳಿಯುವಾಗ ಎಲ್ಲರಿಗೂ ಅರವತ್ತೇ ಮೆಟ್ಟಿಲು. ಹತ್ತುವಾಗ ಅವರವರ ಮೆಟ್ಟಿಲು ಅವರವರಿಗೆ.

ಮಕ್ಕಳಿಗೆ ಹತ್ತುವಾಗಲೂ ಅರವತ್ತು. ಅದಕ್ಕೇ ಶಾಲೆ ಬಿಟ್ಟ ಮಕ್ಕಳು ಗುಂಪಾಗಿ ಕಿರುಚಿಕೊಂಡು ಒಟ್ಟಿಗೇ ಮೇಲೆ ಬಂದು ಬೀಳುತ್ತಾರೆ. ದೊಡ್ಡವರಾಗುತ್ತಾ ಚದುರುತ್ತಾರೆ. ಒಬ್ಬನಿಗೆ ಎಂಬತ್ತಾಗುತ್ತದೆ, ಇನ್ನೊಬ್ಬಳಿಗೆ ನೂರಹತ್ತು. ಹೊಸದಾಗಿ ಮದುವೆಯಾದವರು ಕೈ ಹಿಡಿದುಕೊಂಡು ಕೆಳಗಿನಿಂದ ಹೊರಡುವುದುಂಟು. ಇಬ್ಬರೂ ಒಟ್ಟೊಟ್ಟಿಗೇ ಹೆಜ್ಜೆ ಎತ್ತಿಟ್ಟರೂ ಸ್ವಲ್ಪ ಹೊತ್ತಿಗೆ ಒಬ್ಬರು ಮುಂದೆ, ಒಬ್ಬರು ಹಿಂದೆ ಆಗಿ ಕೈ ಬಿಡಲೇಬೇಕಾಗುತ್ತದೆ. ಕೊನೆಯವರೆಗೂ ಜೊತೆಗಿರಬೇಕಾದರೆ ಇಬ್ಬರ ಲೆಕ್ಕವೂ ಒಂದೇ ಆಗಿರಬೇಕು. ದೊಡ್ಡವರಲ್ಲಿ ಅಂಥ ಜೋಡಿ ಅಪರೂಪ.

ಮೆಟ್ಟಿಲು ಯಾಕೆ ಹೆಚ್ಚುತ್ತವೆ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬೀಡಿ, ಕಡ್ಡಿಪುಡಿ, ಹೆಂಡ, ಉಪ್ಪು, ಕರಿದದ್ದು, ಕೂತಲ್ಲೇ ಕೂರುವುದು. ಪ್ರತಿಯೊಬ್ಬರೂ ತಾವು ಮಾಡದ ತಪ್ಪನ್ನೇ ಮೊದಲು ಹೇಳುತ್ತಾರೆ. ಬಜ್ಜಿ ಮಾರುವ ಗಾದ್ರಪ್ಪನ ಪ್ರಕಾರ ಬೀಡಿ ಒಂದೇ ಕಾರಣ. ಅವನು ಮೊದಲು ಗುಡ್ಡದ ಮೇಲೆ ಬಾಣಲೆ ಇಟ್ಟಿದ್ದ, ಒಂದು ತಿಂಗಳೂ ನಡೆಯಲಿಲ್ಲ. ಆಗಷ್ಟೇ ತಮ್ಮ ಮೆಟ್ಟಿಲು ಎಣಿಸಿ ಬಂದವರಿಗೆ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂದರೆ ಸಿಟ್ಟು ಬರುತ್ತಿತ್ತು. ಈಗ ಕೆಳಗೆ, ಇಳಿದವರ ಮೂಗಿನ ಎದುರಿಗೇ ಇಟ್ಟುಕೊಂಡಿದ್ದಾನೆ. ಬಿಡುವೇ ಇಲ್ಲ.

ಮೇಲೆ, ಕೊನೆಯ ಮೆಟ್ಟಿಲ ಪಕ್ಕ, ನೀರಿನ ಕಟ್ಟೆ ಇದೆ. ಹತ್ತಿ ಬಂದವರಿಗೆ ಚೊಂಬಿನಲ್ಲಿ ನೀರು ಕೊಡುವವಳು ನಾನು. ಕೊಡುವ ಮುಂಚೆ "ಎಷ್ಟಾಯ್ತು?" ಎಂದು ಕೇಳಬೇಕು; ಅವರು ಲೆಕ್ಕ ಹೇಳಿ ಕುಡಿಯಬೇಕು. ಆದರೆ ಹತ್ತುವವರನ್ನು ನೋಡುವಂತಿಲ್ಲ. ನಮ್ಮೂರಿನಲ್ಲಿ ಅದು ಬಚ್ಚಲಿಗೆ ಇಣುಕಿ ನೋಡಿದ ಹಾಗೆ. ಅದಕ್ಕೇ ನಾನು ಮೆಟ್ಟಿಲಿಗೆ ಬೆನ್ನು ಹಾಕಿ ಕೂರುತ್ತೇನೆ. ಊರಿನ ಹಿರಿಯರು ಈ ಕೆಲಸಕ್ಕೆ ನನ್ನನ್ನು ಆರಿಸಿದ್ದೇ ಈ ಪಾಲಮ್ಮ ಯಾರ ಮುಖವನ್ನೂ ಎತ್ತಿ ನೋಡುವುದಿಲ್ಲ ಎಂಬ ಕಾರಣಕ್ಕೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವ್ವ ಹೋದಳು. ಕಟ್ಟೆಯಲ್ಲಿ ಆಗ ಕೂರುತ್ತಿದ್ದ ಮುದುಕಿಗೆ ಅವಳು ಕೊನೆಯವರೆಗೂ "ನೂರೆಪ್ಪತ್ತು" ಎಂದೇ ಹೇಳುತ್ತಿದ್ದಳು. ಒಂದು ಸಂತೆಯ ದಿನ ಚೀಲ ಹಿಡಿದು ಹತ್ತಿ ಬರುತ್ತಿದ್ದವಳು ಕಟ್ಟೆಗೆ ನಾಲ್ಕು ಮಾರು ದೂರದಲ್ಲಿ ಕೂತಳು, ಏಳಲಿಲ್ಲ. ಅವಳನ್ನು ದಾಟಿ ಬಂದಿದ್ದ ಎದುರು ಮನೆಯ ಬೊಮ್ಮಕ್ಕನ ಕಿವಿಗೆ ಅವ್ವ ಮುನ್ನೂರು ಎಂದು ಎಣಿಸಿದ್ದು ಬಿದ್ದಿತ್ತಂತೆ. ಮುನ್ನೂರು ಮುಟ್ಟಿದವರು ಯಾರೂ ಮೇಲೆ ಬಂದದ್ದಿಲ್ಲ. ಇದೂ ಊರಿಗೆಲ್ಲ ಗೊತ್ತು.

ಓಬಳೇಶ ಮಾವ ಅವ್ವನ ತಮ್ಮ. ಮದುವೆಯಾಗಲಿಲ್ಲ. ಕೇಳಿದರೆ, "ಹೆಣ್ಣು ನೋಡಾಕೆ ಹೋದ್ರೆ ಎಲ್ಲಾರೂ ಮೆಟ್ಟಿಲು ಹತ್ತಿ ತೋರ್ಸು ಅಂತಾರೆ, ನಾನೇನು ಸಂತೇಲಿ ಮಾರಾಕೆ ಬಂದಿರೋ ಎತ್ತಾ?" ಎನ್ನುತ್ತಿದ್ದ. ನನ್ನನ್ನು ಸಾಕಿದವನು ಅವನೇ. ಅವ್ವ ಕೂತಿದ್ದ ಜಾಗವನ್ನು ದಾಟಬೇಕಲ್ಲ ಎಂದು ನಾನು ಮೊದಮೊದಲು ಕೆಳಗೆ ಹೋಗಲಿಲ್ಲ. ಶಾಲೆ ಬಿಟ್ಟುಹೋಯಿತು. ಆಮೇಲೆ ಪೇಟೆಯ ಜನರ ನಡುವೆ ನಡೆಯುವುದೆಂದರೆ ನಾಚಿಕೆಯಾಗತೊಡಗಿತು. ಬೇಕಾದ್ದನ್ನೆಲ್ಲ ಮಾವನೇ ತರುತ್ತಿದ್ದ. ಹಾಗೇ ಹತ್ತು ವರ್ಷ ಕಳೆಯಿತು. ನನ್ನ ದಾರಿಯೆಂದರೆ ಮನೆಯಿಂದ ಕಟ್ಟೆ, ಕಟ್ಟೆಯಿಂದ ಮನೆ. ನಡುವೆ ಮೂವತ್ತು ಹೆಜ್ಜೆ. ಸಂಜೆ ಹತ್ತಿ ಬಂದವರು ಮನೆಗೆ ಒಯ್ಯುವ ಪೊಟ್ಟಣ ಬಿಚ್ಚಿ ಒಂದು ಬಜ್ಜಿಯನ್ನೋ ನಿಪ್ಪಟ್ಟಿನ ಚೂರನ್ನೋ ನನ್ನ ತಟ್ಟೆಗೆ ಹಾಕಿ ಹೋಗುವುದು ಪದ್ಧತಿ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಕಿದ್ದನ್ನು ಬಿಡುವುದೂ ಮರ್ಯಾದೆಯಲ್ಲ. "ಮೈಕೈ ತುಂಬ್ಕೊಂಡು ಲಕ್ಷಣವಾಗಿದೀಯ ನೋಡು" ಎಂದು ಹೆಂಗಸರು ಗಲ್ಲ ಹಿಂಡುತ್ತಿದ್ದರು.

ಬೆನ್ನು ಹಾಕಿ ಕೂತರೂ ಕಿವಿ ಮುಚ್ಚಿರುವುದಿಲ್ಲ. ಮೊದಲ ವರ್ಷದಲ್ಲೇ ಒಬ್ಬೊಬ್ಬರ ಚಪ್ಪಲಿಯ ಸದ್ದೂ ನನಗೆ ಬೇರೆ ಬೇರೆಯಾಗಿ ಕೇಳತೊಡಗಿತು. ಎಣಿಸಬೇಕೆಂದು ಎಣಿಸಲಿಲ್ಲ. ಸುಮ್ಮನೆ ಕೂತವರು ಬೇರೇನು ಮಾಡುತ್ತಾರೆ? ಹೀಗೆ ಊರಿನವರ ನಿಜವಾದ ಲೆಕ್ಕವೆಲ್ಲ ನನಗೆ ತಿಳಿಯಿತು. ಹತ್ತೋ ಇಪ್ಪತ್ತೋ ಕಡಿಮೆ ಹೇಳುವುದು ಎಲ್ಲರಿಗೂ ಅಭ್ಯಾಸ. ಪೂರ್ತಿ ನಿಜ ಹೇಳುತ್ತಿದ್ದವಳು ಬೊಮ್ಮಕ್ಕ ಒಬ್ಬಳೇ. ಅವ್ವ ಹೋದ ಮೇಲೆ ಹೆದರಿ ಅವಳು ಕಡ್ಡಿಪುಡಿಯ ಡಬ್ಬಿಯನ್ನು ತಿಪ್ಪೆಗೆ ಎಸೆದಳು, ದಿನಾ ಸುಮ್ಮಸುಮ್ಮನೆ ಎರಡು ಸಲ ಇಳಿದು ಹತ್ತಿದಳು. ಇನ್ನೂರ ನಲವತ್ತು ಇದ್ದದ್ದು ಒಂದು ವರ್ಷಕ್ಕೆ ನೂರ ತೊಂಬತ್ತಕ್ಕೆ ಬಂತು. "ನೂರಾ ತೊಂಬತ್ತು ಕಣಮ್ಮಿ! ಇನ್ನೊಂದು ಚೊಂಬು ಹಾಕು!" ಎಂದು ಆವತ್ತು ಕೇರಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ಹೆಚ್ಚಿದ ಮೆಟ್ಟಿಲು ಇಳಿಯುತ್ತವೆ ಎಂದು ನಾನು ಕಂಡದ್ದು ಆಗಲೇ.

ಮಾವ ಮಾತ್ರ ಐದು ವರ್ಷದಿಂದ "ನೂರಾ ಅರವತ್ತು" ಎಂದೇ ಹೇಳುತ್ತಿದ್ದ. ಯುಗಾದಿಯ ಹೊತ್ತಿಗೆ ಅವನ ಚಪ್ಪಲಿ ಇನ್ನೂರ ಮೂವತ್ತೊಂದು ಸಲ ಸದ್ದು ಮಾಡಿತು. ಗೌರಿ ಹಬ್ಬಕ್ಕೆ ಇನ್ನೂರ ಅರವತ್ತೆರಡು. ಪ್ರತಿದಿನ ನಾನು ಚೊಂಬನ್ನು ಅಂಚಿನವರೆಗೂ ತುಂಬಿ ಕೊಡುತ್ತಿದ್ದೆ. ಅವನು ಗಟಗಟ ಕುಡಿದು, "ನೀರು ಅಂದ್ರೆ ನಮ್ಮ ಪಾಲಿ ಕೈ ನೀರು" ಎಂದು ಬಾಯೊರೆಸಿಕೊಳ್ಳುತ್ತಿದ್ದ.

ಬಾಯಿ ಬಿಟ್ಟು ಹೇಳಲಾರದೆ ನಾನು ಸಾರಿಗೆ ಉಪ್ಪು ಕಡಿಮೆ ಮಾಡಿದೆ. ಒಂದು ತುತ್ತು ನುಂಗಿ, "ಯಾಕಮ್ಮಿ, ನಾನು ತಂದಿದ್ದ ಉಪ್ಪೆಲ್ಲ ಇಲಿ ತಿಂದ್ವಾ?" ಎಂದು ಉಪ್ಪಿನಕಾಯಿಯ ಜಾಡಿ ಎಳೆದುಕೊಂಡ. ಜಾಡಿಯನ್ನು ಬೀರುವಿನ ಹಿಂದೆ ಬಚ್ಚಿಟ್ಟೆ. ಮರುದಿನ ಕೆಳಗಿನಿಂದ ಹೊಸದೊಂದು ಪೊಟ್ಟಣ ತಂದ, ಮಾವಿನಕಾಯಿಯ ಜೊತೆಗೆ ನಿಂಬೆಕಾಯಿಯದ್ದೂ. ಬೀಡಿ ಕಟ್ಟು ಬಚ್ಚಿಡುವ ಧೈರ್ಯ ನನಗೆ ಬರಲಿಲ್ಲ.

ಗುರುವಾರ ಗುರುವಾರ ಶಾಹೀನಾ ಸಿಸ್ಟರ್ ಬರುತ್ತಾರೆ. ಕೆಳಗೆ ಹುಣಸೆಮರದ ಅಡಿಯಲ್ಲಿ ಕೂತು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಾರೆ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ಒಂದು ದಿನ ಕೇರಿಯ ಬಾಣಂತಿಯನ್ನು ನೋಡಲು ಹತ್ತಿ ಬಂದವರು, "ಅರವತ್ತಾರು ಕಣಮ್ಮ" ಎಂದು ನಿಜವನ್ನೇ ಹೇಳಿ ನೀರು ಕುಡಿದರು. ಆಮೇಲೆ, "ಟೈಲರ್ ಓಬಳೇಶಣ್ಣ ನಿನ್ನ ಮಾವ ತಾನೆ? ಒಂದ್ಸಲ ಬಂದು ತೋಳು ಕೊಡು ಅಂತ ಹೇಳು. ಅಂಗಡಿ ಮುಂದೆ ಹೋದ್ರೆ ಬಾಗಿಲು ಹಾಕ್ಕೊಂಡುಬಿಡ್ತಾರೆ" ಎಂದರು. ಸಂಜೆ ಮಾವನಿಗೆ ಅಷ್ಟನ್ನು ಹೇಳಿದೆ.

"ಮೆಟ್ಟಿಲು ಇರೋ ಊರಿಗೆ ಮಿಷನ್ ಯಾಕಮ್ಮಿ?" ಎಂದ ಮಾವ.

ಮುಂದಿನ ವಾರ ಬೊಮ್ಮಕ್ಕನ ಬಾಯಲ್ಲಿ ಸಿಸ್ಟರ್ ಉತ್ತರ ಬಂತು: "ಮೆಟ್ಟಿಲು ಲೆಕ್ಕ ಹೇಳುತ್ತೆ, ಮಾತ್ರೆ ಕೊಡಲ್ವಲ್ಲ ಅಂತ ಹೇಳು."

ಮಾವ ನಕ್ಕ. ಹೋಗಲಿಲ್ಲ.

ಅದಾದ ಮೇಲೆ ಒಂದು ಸಂಜೆ ಅವನ ಚಪ್ಪಲಿಯ ಸದ್ದು ಕೇಳಲೇ ಇಲ್ಲ. ತೀರ ಹತ್ತಿರ ಏದುಸಿರು ಕೇಳಿ ತಿರುಗಿದರೆ ಬರಿಗಾಲಲ್ಲಿ ನಿಂತಿದ್ದ, ಚಪ್ಪಲಿ ಕೈಯಲ್ಲಿತ್ತು. "ಉಂಗುಷ್ಟ ಕಿತ್ತೋಯ್ತು ಕಣಮ್ಮಿ. ನೂರಾ ಅರವತ್ತು." ಮರುದಿನವೂ ಬರಿಗಾಲು. ಅದರ ಮರುದಿನವೂ. ಎಂಥ ದಪ್ಪ ಬಟ್ಟೆಯನ್ನೂ ಹೊಲಿಯುವ ಮನುಷ್ಯನಿಗೆ ಒಂದು ಚಪ್ಪಲಿಯ ಉಂಗುಷ್ಟ ಹೊಲಿದುಕೊಳ್ಳಲು ಒಂದು ವಾರ ಬೇಕೇ? ನನಗೆ ಗೊತ್ತೆಂಬುದು ಅವನಿಗೂ ಗೊತ್ತಾಗಿದೆ ಎಂದು ಆಗ ತಿಳಿಯಿತು.

ಎಂಟನೆಯ ದಿನ ನಾನು ಮೆಟ್ಟಿಲ ಕಡೆ ತಿರುಗಿ ಕೂತೆ.

ಕಟ್ಟೆಯ ಹತ್ತಿರ ನೀರು ಕುಡಿಯುತ್ತಿದ್ದ ನಾಲ್ಕೈದು ಮಂದಿ ಬಾಯಿಂದ ಚೊಂಬು ತೆಗೆದು ನನ್ನನ್ನೇ ನೋಡಿದರು. ಮಾವ ತಲೆ ಬಗ್ಗಿಸಿ ಬರುತ್ತಿದ್ದ. ಹತ್ತು ಹೆಜ್ಜೆ ಎತ್ತಿಟ್ಟರೂ ಅವನು ಇದ್ದಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಎದೆಯ ಮೇಲೆ. ಮೂರು ಸಲ ಕೂತ. ಸದ್ದಿಲ್ಲದ ಅವನ ಹೆಜ್ಜೆಗಳನ್ನು ನಾನು ಕಣ್ಣಿನಿಂದಲೇ ಎಣಿಸಿದೆ. ನನ್ನ ಮುಂದೆ ಕೂತು ಕಾಲ ಮೇಲೆ ಕಾಲು ಹಾಕಿ ತಮಾಷೆ ಮಾಡುವ ಮಾವ ಇವನೇ ಎಂದು ನಂಬಲು ಆಗಲಿಲ್ಲ. ಕೊನೆಯ ಮೆಟ್ಟಿಲಲ್ಲಿ ತಲೆ ಎತ್ತಿದವನು ನನ್ನ ಕಣ್ಣು ನೋಡಿದ. ಆದರೂ ಹೇಳಿದ: "ನೂರಾ ಅರವತ್ತು."

"ಇನ್ನೂರ ಎಂಬತ್ತೆಂಟು" ಎಂದೆ.

ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಯಾರೋ ಕೆಮ್ಮಿದರು. ಮಾವ ನೀರು ಮುಟ್ಟಲಿಲ್ಲ. ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗೆ ಹಾಕಿ, ಮೆಟ್ಟಿಕೊಂಡು, ಬಂದ ದಾರಿಯಲ್ಲೇ ಇಳಿದುಹೋದ.

ಆ ರಾತ್ರಿ ಅಂಗಡಿಯಲ್ಲೇ ಮಲಗಿದನಂತೆ. ಮರುದಿನವೂ ಬರಲಿಲ್ಲ. ಹನ್ನೊಂದು ದಿನ ಬರಲಿಲ್ಲ. ಬೊಮ್ಮಕ್ಕನ ಕೈಯಲ್ಲಿ ಮುದ್ದೆ, ಸೊಪ್ಪಿನ ಸಾರು ಕಳಿಸಿದರೆ ಡಬ್ಬಿ ಹಾಗೇ ವಾಪಸು ಬರುತ್ತಿತ್ತು. "ಗಾದ್ರಪ್ಪನ ಬಜ್ಜಿ, ಮಂಡಕ್ಕಿಲೇ ಹೊಟ್ಟೆ ತುಂಬಿಸ್ಕೊತಾವ್ನೆ. ಮೆಟ್ಟಿಲು ಕಡೆ ತಿರುಗೂ ನೋಡಲ್ಲ" ಎಂದಳು ಬೊಮ್ಮಕ್ಕ. ಇತ್ತ ಕಟ್ಟೆಯಲ್ಲಿ ಬೇರೆಯದೇ ನಡೆಯಿತು. ಜನ ನನ್ನ ಕಿವಿಗೆ ಹೆದರತೊಡಗಿದರು. ಕೆಲವರು ಚಪ್ಪಲಿಗೆ ಗೋಣಿಚೀಲ ಸುತ್ತಿಕೊಂಡು ಬಂದರು. ಕೆಲವರು ಕೆಳಗಿನಿಂದ ಮೇಲಿನವರೆಗೂ ಕೆಮ್ಮುತ್ತಲೇ ಬಂದರು. ಒಬ್ಬ ಮೇಷ್ಟ್ರು ಗಟ್ಟಿಯಾಗಿ ಮಗ್ಗಿ ಹೇಳಿಕೊಂಡು ಹತ್ತಿದರು, ನನ್ನ ಲೆಕ್ಕ ತಪ್ಪಲಿ ಎಂದು. ತಟ್ಟೆಗೆ ಯಾರೂ ಏನೂ ಹಾಕಲಿಲ್ಲ. ನನಗೆ ಅದ್ಯಾವುದೂ ಮುಖ್ಯವಾಗಿರಲಿಲ್ಲ. ಹತ್ತುತ್ತಿದ್ದಷ್ಟು ದಿನ ಅವನ ಲೆಕ್ಕವಾದರೂ ಗೊತ್ತಾಗುತ್ತಿತ್ತು. ಮುನ್ನೂರಕ್ಕೆ ಹನ್ನೆರಡು ಕಡಿಮೆ ಇದ್ದದ್ದು ಈಗ ಎಷ್ಟು ಕಡಿಮೆ ಇದೆಯೋ ಯಾರಿಗೆ ಗೊತ್ತು? ಅದನ್ನು ತಿಳಿಯದ ಹಾಗೆ ಮಾಡಿದವಳು ನಾನೇ.

ಹನ್ನೆರಡನೆಯ ದಿನ, ಗುರುವಾರ, ಸೆರಗು ಹೊದ್ದು ಮೆಟ್ಟಿಲು ಇಳಿದೆ. ಅರವತ್ತು. ಅವ್ವ ಕೂತಿದ್ದ ಜಾಗದಲ್ಲಿ ಯಾರೋ ಒಣಗಲು ಹಾಕಿದ್ದ ಹಪ್ಪಳವಿತ್ತು. ಪೇಟೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರೋ, ಯಾರೂ ನೋಡುತ್ತಿರಲಿಲ್ಲವೋ, ನಾನಂತೂ ನೆಲ ನೋಡಿಕೊಂಡೇ ನಡೆದೆ.

ಮಾವ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿದ್ದ. ಕಾಲು ಊದಿಕೊಂಡಿತ್ತು. ನನ್ನನ್ನು ನೋಡಿ ಪೆಡಲ್ ತುಳಿಯುವುದನ್ನು ನಿಲ್ಲಿಸಿದ.

"ಅಯ್ಯೋ, ಗುಡ್ಡದ ದೇವ್ರೇ ಇಳಿದು ಬಂತಲ್ಲಪ್ಪ" ಎಂದ. ನಗಲಿಲ್ಲ.

"ಮನೆಗೆ ಬಾ ಮಾವ."

"ಯಾಕೆ, ಇನ್ನೊಂದ್ಸಲ ಊರ ಮುಂದೆ ಹರಾಜು ಹಾಕ್ತೀಯಾ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. "ಅವ್ವ ನೂರೆಪ್ಪತ್ತು ಅಂತಿದ್ಲು. ನಾವು ನಂಬಿದ್ವಿ."

ಮಾವ ಮಿಷನ್ನಿನಲ್ಲಿದ್ದ ಬಟ್ಟೆಯ ದಾರ ಕತ್ತರಿಸಿದ. "ನಾನು ನಂಬಿರಲಿಲ್ಲ" ಎಂದ. "ನನಗೆ ಗೊತ್ತಿತ್ತು. ಅಕ್ಕ ನನಗೊಬ್ಬನಿಗೇ ಹೇಳಿದ್ಲು. ಪಾಲಿಗೆ ಹೇಳಬ್ಯಾಡ, ಹೆದರ್ತಾಳೆ ಅಂದ್ಲು. ನಾನೂ ಹೇಳಲಿಲ್ಲ. ನನ್ನದೂ ಏರಾಕೆ ಶುರುವಾದಾಗ... ಈ ಹುಡುಗಿ ಇನ್ನೊಂದ್ಸಲ ಯಾಕೆ ಹೆದರಬೇಕು ಅನ್ನಿಸ್ತು. ಅಷ್ಟೇ ಕಣಮ್ಮಿ."

"ಹೇಳದೇ ಇದ್ರೆ ಹೆದರಿಕೆ ಹೋಗುತ್ತಾ ಮಾವ?"

ಅವನು ಎದ್ದು, ಅಂಗಿಯ ಜೇಬಿನಿಂದ ಬೀಡಿ ಕಟ್ಟು ತೆಗೆದು ನೋಡಿ, ಚಿಂದಿಬಟ್ಟೆಯ ಬುಟ್ಟಿಗೆ ಹಾಕಿದ. ಆಮೇಲೆ ಮತ್ತೆ ಬಗ್ಗಿ ತೆಗೆದು ನನ್ನ ಕೈಗೆ ಕೊಟ್ಟ. "ನೀನೇ ಬಿಸಾಕು. ನನ್ನ ಬುಟ್ಟೀಲಿದ್ರೆ ಸಾಯಂಕಾಲ ಹುಡುಕ್ತೀನಿ."

ಹುಣಸೆಮರದಡಿ ಶಾಹೀನಾ ಸಿಸ್ಟರ್ ಅವನ ತೋಳಿಗೆ ಪಟ್ಟಿ ಸುತ್ತಿ ಉಬ್ಬಿಸಿದರು. ಒಂದು ಸಲ ನೋಡಿದರು, ನಂಬದೆ ಇನ್ನೊಂದು ಸಲ ನೋಡಿದರು. ಬೆರಳು ಚುಚ್ಚಿದರು. ಎರಡು ಬಗೆಯ ಮಾತ್ರೆ ಕೊಟ್ಟು, "ಒಂದು ದಿನಾನೂ ತಪ್ಪಿಸಬೇಡಿ. ನಾಳೇನೇ ದೊಡ್ಡ ಆಸ್ಪತ್ರೆಗೆ ಹೋಗಿ, ಚೀಟಿ ಬರೆದಿದೀನಿ. ಇವತ್ತು ಹತ್ತೋದಾದ್ರೆ ನಿಧಾನಕ್ಕೆ, ಕೂತು ಕೂತು ಹೋಗಿ, ಎದೆ ಹಿಡಿದ್ರೆ ಅಲ್ಲೇ ನಿಂತು ಕೂಗಿ" ಎಂದರು. "ಲೇಟಾಯ್ತೇನಮ್ಮ?" ಎಂದು ಮಾವ ಕೇಳಿದ. "ಲೇಟಾಗಿದೆ, ಮುಗಿದಿಲ್ಲ. ಬೊಮ್ಮಕ್ಕಂದು ಐವತ್ತು ಇಳೀಲಿಲ್ವಾ?" ಎಂದರು. ನಾನು ಪಕ್ಕದಲ್ಲಿ ನಿಂತಿದ್ದೆ. ಅವರು ನನ್ನ ಕಡೆ ನೋಡಿ, "ನಿಂದೂ ಒಂದ್ಸಲ ನೋಡ್ಲೇನಮ್ಮ?" ಎಂದರು. ಸುತ್ತ ಹತ್ತು ಜನ ಇದ್ದರು. ನಾಚಿಕೆಯಾಗಿ ಬೇಡವೆಂದು ತಲೆಯಾಡಿಸಿದೆ. "ಅವಳಿಗೇನು ಬಿಡಿ, ಇಪ್ಪತ್ಮೂರರ ಹುಡುಗಿ" ಎಂದ ಮಾವ.

ಬಿಸಿಲು ಇಳಿದ ಮೇಲೆ ಮೆಟ್ಟಿಲ ಬುಡಕ್ಕೆ ಬಂದೆವು. ಮಾವನಿಗೆ ಹಗುರಾಗಿತ್ತು. ಅವನ ಹಳೆಯ ತಮಾಷೆಯ ದನಿ ಬಂದಿತ್ತು. "ಕೈ ಕೊಡು. ಸಣ್ಣೋಳಿದ್ದಾಗ ಹಿಡ್ಕೊಂಡು ಹತ್ತಿಸ್ತಿದ್ದೆ. ನೀನು ಹಾರ್ಕೊಂಡು ಮುಂದೆ ಹೋಗೋವರೆಗೂ ಹಿಡ್ಕೊಂಡಿರ್ತೀನಿ. ಹೋದ್ಮೇಲೆ ಮೇಲಿಂದ ಗಟ್ಟಿಯಾಗಿ ಎಣಿಸು, ಊರೆಲ್ಲ ಕೇಳ್ಲಿ. ಇನ್ನು ನನಗೇನು ನಾಚಿಕೆ."

ಇಬ್ಬರೂ ಬಾಯಿಬಿಟ್ಟು ಎಣಿಸುತ್ತಾ ಹೊರಟೆವು. ಹತ್ತು. ಇಪ್ಪತ್ತು. ಕೆಳಗಿನಿಂದ ಶಾಲೆಯ ಮಕ್ಕಳ ಗುಂಪೊಂದು ಬಂದು ನಮ್ಮ ಎರಡೂ ಪಕ್ಕದಿಂದ ನುಗ್ಗಿ ಮುಂದೆ ಹೋಯಿತು. ಮೂವತ್ತು. ನಲವತ್ತು. ಮಾವನ ಅಂಗೈ ಬೆವರಿತ್ತು. ಕೂತು ಸುಧಾರಿಸಿಕೊಂಡೆವು. ಅವನಿಗೆ ಏದುಸಿರು, ಅವನಿಗಾಗಿ ಕೂತೆ ಎಂದುಕೊಂಡೆ. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಹತ್ತು ವರ್ಷದ ಮೇಲೆ ಪೇಟೆ ನೋಡಿದ ಗಾಬರಿ ಎಂದುಕೊಂಡೆ.

"ನನಗೋಸ್ಕರ ಕಾಯಬ್ಯಾಡ, ನಡಿ ನಡಿ" ಎಂದ ಮಾವ ಎಪ್ಪತ್ತರಲ್ಲಿ.

"ಕಾಯ್ತಿಲ್ಲ ಮಾವ."

"ಹೆಜ್ಜೆ ಸಣ್ಣದಿಡ್ತಿದೀಯ, ಗೊತ್ತಾಗಲ್ವಾ ನನಗೆ?"

ಮೆಟ್ಟಿಲ ಬದಿಯಲ್ಲಿ ಆನೆ ಕೆತ್ತಿದ ಕಲ್ಲೊಂದು ಇದೆ. ನಾನು ಶಾಲೆಗೆ ಹೋಗುತ್ತಿದ್ದಾಗ ಅದು ಇಪ್ಪತ್ತನೆಯ ಮೆಟ್ಟಿಲಿಗೆ ಸಿಗುತ್ತಿತ್ತು. ತೊಂಬತ್ತೈದು, ತೊಂಬತ್ತಾರು, ತೊಂಬತ್ತೇಳು. ಆನೆಯ ಸೊಂಡಿಲಿಗೆ ಮಾವನ ಎಡಗೈ ತಾಗಿತು. ಅವನ ಬಲಗೈಯೊಳಗೆ ನನ್ನ ಕೈ ಇನ್ನೂ ಹಾಗೇ ಇತ್ತು. ನನ್ನ ಬಾಯಲ್ಲೂ ಅದೇ ತೊಂಬತ್ತೇಳು.

ಮಾವ ಎಣಿಸುವುದನ್ನು ನಿಲ್ಲಿಸಿದ. ನಾನೂ ನಿಲ್ಲಿಸಿದೆ. ಊರಿನವರೆಲ್ಲರ ಲೆಕ್ಕ ಬಲ್ಲ ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ಮೆಟ್ಟಿಲು ಹತ್ತಿರಲಿಲ್ಲ. ಮೇಲೆ ಮಕ್ಕಳ ಗುಂಪು ಆಗಲೇ ಕಟ್ಟೆ ಮುಟ್ಟಿ ನೀರಿಗೆ ಜಗಳವಾಡುತ್ತಿತ್ತು.

ಮಾವ ನನ್ನ ಮುಖ ನೋಡಲಿಲ್ಲ. ನಮ್ಮೂರಿನಲ್ಲಿ ಯಾರೂ ನೋಡಬಾರದ ಕಡೆ, ನನ್ನ ಪಾದಗಳ ಕಡೆ ನೋಡಿದ. ತನ್ನ ಪಾದಗಳನ್ನೂ ನೋಡಿದ. ನಾಲ್ಕೂ ಒಂದೇ ಕಲ್ಲಿನ ಮೇಲಿದ್ದವು. ಅವನು ಮೆಲ್ಲಗೆ ನನ್ನ ಕೈ ಬಿಟ್ಟು, ಬೆನ್ನ ಮೇಲೆ ಅಂಗೈಯಿಟ್ಟು ಮುಂದಕ್ಕೆ ತಳ್ಳಿದ.

"ಒಂದೇ ಒಂದು ಮೆಟ್ಟಿಲು ನನಗಿಂತ ಮುಂದೆ ಹೋಗಮ್ಮಿ" ಎಂದ.